ನಲವತ್ತರ ಛೆಟ್ರಿಯನ್ನು ಮತ್ತೆ ಕರೆದದ್ದೇಕೆ?

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧದ ಗೋಲಿಲ್ಲದ ಡ್ರಾ ಮುಗಿದಾಗ ಸುನಿಲ್ ಛೆಟ್ರಿ ಕಣ್ಣೀರಿಡುತ್ತಲೇ ಭಾರತ ತಂಡಕ್ಕೆ ವಿದಾಯ ಹೇಳಿದ್ದರು. 151 ಪಂದ್ಯ, 94 ಗೋಲು. ವರ್ಷ ತುಂಬುವ ಮೊದಲೇ, 40ನೇ ವಯಸ್ಸಿನಲ್ಲಿ, ಅವರನ್ನು ಮತ್ತೆ ಕರೆತರಬೇಕಾಯಿತು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಅಭಿಮಾನಿಗಳಿಗೆ ಹಬ್ಬವೇ ಸರಿ. ಆದರೆ ಭಾರತೀಯ ಫುಟ್‌ಬಾಲ್‌ಗೆ ಅದು ಎಚ್ಚರಿಕೆಯ ಗಂಟೆ. ಹಿರಿಯರು ಜಾಗ ಬಿಡದಿದ್ದರೆ ಹುಡುಗರು ಬೆಳೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಆದರೆ ಛೆಟ್ರಿ ಬಿಟ್ಟ ಜಾಗ ತಿಂಗಳುಗಟ್ಟಲೆ ಖಾಲಿಯೇ ಇತ್ತಲ್ಲ? 2024ರಲ್ಲಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಅವರ ಗೋಲುಗಳಲ್ಲಿ ಹೆಚ್ಚಿನವು ದುರ್ಬಲ ತಂಡಗಳ ವಿರುದ್ಧ ಬಂದವು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅದೇ ತಂಡಗಳ ವಿರುದ್ಧ ಆಡಿದ ಜೊತೆಗಾರರಲ್ಲಿ ಯಾರೂ ಅವರ ಗೋಲುಗಳ ಸಂಖ್ಯೆಯ ಹತ್ತಿರಕ್ಕೂ ಬರಲಿಲ್ಲ. ಅವರ ಜಾಗ ತುಂಬುವವರು ಸಿಗದಿರುವುದಕ್ಕೆ ಮೂಲ ಕಾರಣ ನಮ್ಮ ಲೀಗ್‌ನಲ್ಲಿದೆ. ಕ್ಲಬ್‌ಗಳು ಗೋಲು ಹೊಡೆಯುವ, ಮುಂಚೂಣಿಯ ನಡುವಿನ ಸ್ಥಾನವನ್ನು ಬಹುಪಾಲು ವಿದೇಶಿಯರಿಗೇ ಕೊಡುತ್ತವೆ. ಬೆಂಗಳೂರು ಕ್ಲಬ್‌ಗಾಗಿ ಕಂಠೀರವ ಕ್ರೀಡಾಂಗಣದಲ್ಲಿ ವೆನೆಜುವೆಲಾದ ಮಿಕು ಆ ಸ್ಥಾನದಲ್ಲಿ ಆಡುತ್ತಿದ್ದಾಗ ಸ್ವತಃ ಛೆಟ್ರಿಯೇ ಅಂಚಿಗೆ ಸರಿದಿದ್ದರು. ಅವರು ಅಲ್ಲಿಂದಲೂ ಗೋಲಿನ ದಾರಿ ಕಂಡುಕೊಂಡರು. ಎಲ್ಲ ಹುಡುಗರಿಂದಲೂ ಅದನ್ನು ನಿರೀಕ್ಷಿಸುವುದು ಅನ್ಯಾಯ. ಹಣ ಸುರಿದ ಕ್ಲಬ್ ಗೆಲುವನ್ನು ಬಯಸುವುದು ಸಹಜ, ನಿಜ. ಹಾಗಿದ್ದರೆ ಫೆಡರೇಷನ್ನೇ ನಿಯಮ ಮಾಡಿ, ಎಳೆಯ ಭಾರತೀಯ ಸ್ಟ್ರೈಕರ್‌ಗಳಿಗೆ ಮೈದಾನದಲ್ಲಿ ನಿಮಿಷಗಳನ್ನು ಕಾಯ್ದಿರಿಸಬೇಕು.