ಗೋರಿಯ ಒಡವೆ ಕೊರಳಿಗೇಕೆ?

ಹಾಂಗ್‌ಕಾಂಗ್ ನೋಡಿ ಬಂದ ನನ್ನ ವಾರಗಿತ್ತಿ ಕೊರಳಿನ ಪದಕವನ್ನು ಮುಂದೆ ಹಿಡಿದಳು. ಹಸಿರು ಕಲ್ಲಿನಲ್ಲಿ ಸುರುಳಿ ಸುತ್ತಿ ಮಲಗಿದ ಡ್ರ್ಯಾಗನ್. “ಪಚ್ಚೆಯೇನೇ?” ಎಂದೆ. “ಅಲ್ಲಕ್ಕಾ, ಜೇಡ್. ಮೂರು ಸಾವಿರ ವರ್ಷದ್ದಂತೆ, ಗೋರಿಯಿಂದ ತೆಗೆದದ್ದಂತೆ!” ಎಂದು ಹಿಗ್ಗಿದಳು.

ಅಂಗಡಿಯವನ ಮಾತು ಸುಳ್ಳಾದರೆ ಹೋದದ್ದು ಇವಳ ದುಡ್ಡು ಮಾತ್ರ. ನಿಜವಾದರೆ? ಆ ನಷ್ಟಕ್ಕೆ ಲೆಕ್ಕವಿಲ್ಲ.

1976ರಲ್ಲಿ ಚೀನಾದ ಅನ್ಯಾಂಗ್ ಬಳಿ ಝೆಂಗ್ ಝೆನ್‌ಶಿಯಾಂಗ್ ಎಂಬ ಮಹಿಳೆಯ ನೇತೃತ್ವದಲ್ಲಿ ಒಂದು ಗೋರಿಯ ಉತ್ಖನನ ನಡೆಯಿತು. ಮೂರು ಸಾವಿರ ವರ್ಷಕ್ಕೂ ಹಳೆಯದಾದ ಆ ಗೋರಿಗೆ ಕಳ್ಳರ ಕೈ ಸೋಕಿರಲಿಲ್ಲ. ಒಳಗೆ 755 ಜೇಡ್ ವಸ್ತುಗಳು, ಅವುಗಳಲ್ಲಿ ಡ್ರ್ಯಾಗನ್‌ಗಳೂ ಇದ್ದವು. ಜೊತೆಗೆ ಕಂಚಿನ ಪಾತ್ರೆಗಳು, ಯುದ್ಧದ ಕೊಡಲಿಗಳು, ಸಾವಿರಾರು ಕವಡೆಗಳು. ಕಂಚಿನ ಮೇಲೆ ಫು ಹಾವೊ ಎಂಬ ಹೆಸರಿತ್ತು. ಶಾಂಗ್ ದೊರೆ ವು ಡಿಂಗನ ರಾಣಿ ಅವಳು. ಬರೀ ರಾಣಿಯಲ್ಲ, ದಂಡನಾಯಕಿ. ಶಕುನ ಕೇಳಲು ಬಳಸುತ್ತಿದ್ದ ಮೂಳೆಗಳ ಮೇಲಿನ ಬರಹದಲ್ಲಿ ಅವಳ ದಂಡಯಾತ್ರೆಗೆ 13,000 ಜನರ ಪಡೆ ಕೂಡಿಸಿದ ಮಾತಿದೆ. ಡ್ರ್ಯಾಗನ್ನೂ ಕೊಡಲಿಯೂ ಒಂದೇ ಗೋರಿಯಲ್ಲಿ ಸಿಕ್ಕಿದ್ದರಿಂದಲೇ ಆ ಒಡವೆ ತೊಟ್ಟವಳು ಎಂಥವಳೆಂದು ನಮಗೆ ಗೊತ್ತಾಯಿತು.

ಅದೇ ಗೋರಿ ಮೊದಲೇ ಕಳ್ಳರ ಪಾಲಾಗಿದ್ದರೆ? ಕಂಚು ಒಂದು ದಿಕ್ಕಿಗೆ, ಜೇಡ್ ಇನ್ನೊಂದು ದಿಕ್ಕಿಗೆ. ಒಂದೊಂದು ಡ್ರ್ಯಾಗನ್ನೂ ಒಂದೊಂದು ಅಂಗಡಿಯಲ್ಲಿ ‘ಪುರಾತನ ಪದಕ’ ಎಂಬ ಚೀಟಿ ಅಂಟಿಸಿಕೊಂಡು ಕೂತಿರುತ್ತಿತ್ತು. ದಂಡನಾಯಕಿ ಮಾಯ! ಹೆಂಗಸರ ಚರಿತ್ರೆ ಮೊದಲೇ ಚೂರುಪಾರು. ಆ ಚೂರನ್ನೂ ನಾವೇ ದುಡ್ಡು ಕೊಟ್ಟು ಒಡೆಸಬೇಕೆ?

“ತೆಗೆದದ್ದು ತೆಗೆದಾಯಿತು, ನಾನು ಕೊಳ್ಳದಿದ್ದರೆ ಇನ್ನೊಬ್ಬಳು ಕೊಳ್ಳುತ್ತಾಳೆ” ಎಂದಳು ವಾರಗಿತ್ತಿ. ಕೊಳ್ಳುವ ಕೊರಳಿದೆಯೆಂದೇ ಅಲ್ಲವೇ ಕಳ್ಳ ಗುದ್ದಲಿ ಎತ್ತುವುದು?

ಜೇಡ್‌ನ ಚೆಲುವನ್ನು ನಾನು ಹಳಿಯುತ್ತಿಲ್ಲ. ಉಳಿಗೆ ಬಗ್ಗದ ಆ ಕಲ್ಲನ್ನು, ಅದಕ್ಕಿಂತ ಗಡುಸಾದ ಮರಳು ಹಾಕಿ ಉಜ್ಜಿ ಉಜ್ಜಿ ಡ್ರ್ಯಾಗನ್ನಿನ ಮೈ ಬಳುಕಿಸಿದ ಕೈಗಳಿಗೆ ನಮಸ್ಕಾರ. ಸುಝೌ ಊರಿನಲ್ಲಿ ಇಂದಿಗೂ ಜೇಡ್ ಕೆತ್ತುವವರಿದ್ದಾರೆ. ಆಸೆಯಿದ್ದರೆ ಹೊಸದನ್ನು ಕೊಳ್ಳಿ; ಬದುಕಿರುವವರ ಹೊಟ್ಟೆ ತುಂಬುತ್ತದೆ.

ನಮ್ಮ ಪೆಟ್ಟಿಗೆಯನ್ನೇ ನೋಡಿ. ಇದು ಅಜ್ಜಿಯ ಸರ, ಇದು ಅಮ್ಮ ಹೆರಿಗೆಗೆ ಮುಂಚೆ ತೆಗೆದಿಟ್ಟ ಬಳೆ ಎನ್ನುತ್ತೇವೆ. ಆ ಮಾತು ಹೋದರೆ ಉಳಿಯುವುದು ತೂಕ ಮಾತ್ರ. ಫು ಹಾವೊಗೂ ಅಷ್ಟು ಮರ್ಯಾದೆ ಬೇಡವೇ?