ಸೇತುವೆಗೂ ಆರೈಕೆ ಬೇಕು

ಮಕ್ಕಳೇ, 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಸೇತುವೆಗೆ ಆಗಿದ್ದು ಸುಮಾರು 40 ವರ್ಷ ಅಷ್ಟೇ.

ಸೇತುವೆಗಳ ದೊಡ್ಡ ಶತ್ರು ತುಕ್ಕು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ನೀರು, ಗಾಳಿ ತಾಗಿದರೆ ತುಕ್ಕು ಹಿಡಿಯುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತೆ. ಬಿರುಕಲ್ಲಿ ಮತ್ತೆ ನೀರು, ಮತ್ತೆ ತುಕ್ಕು. ನಮ್ಮ ನೀಲಗಿರಿಯಲ್ಲಿ ಕಡಲ ಉಪ್ಪಿಲ್ಲ, ನಿಜ. ಆದರೆ ಊಟಿ–ಗೂಡಲೂರು ದಾರಿಯಲ್ಲಿ ಮಳೆ, ಮಂಜು ಕಡಿಮೆಯೇ?

ಹೊಸ ಸೇತುವೆ ಉದ್ಘಾಟನೆಗಿರುವ ಉತ್ಸಾಹ ಹಳೆಯದರ ಆರೈಕೆಗೂ ಇರಬೇಕು ಅನ್ನೋದು ನನ್ನ ವಾದ. ನೀರು ಹರಿಯುವ ತೂತು ಕಟ್ಟದಂತೆ ನೋಡುವುದು, ಬಿರುಕಿಗೆ ಎಪಾಕ್ಸಿ ತುಂಬುವುದು, ಸೊರಗಿದ ತೊಲೆಗೆ ಕಾರ್ಬನ್ ನಾರಿನ ಪಟ್ಟಿ ಅಂಟಿಸುವುದು ಸಕಾಲದಲ್ಲಿ ಆಗಬೇಕು. ಸೇತುವೆಯಡಿ ಕಂದು ಕಲೆ ಕಂಡರೆ ನಿಮ್ಮ ಶಿಕ್ಷಕರಿಗೆ ಹೇಳಿ, ಹೆದ್ದಾರಿ ಇಲಾಖೆಗೆ ಪತ್ರ ಬರೆಯಿರಿ.