ಮೂರು ದಿನದ ಸಿಟ್ಟು, ಐವತ್ತು ರೂಪಾಯಿ ದಂಡ

ಕುದುರೆಗೆ ಹೊಡೆಯುವ ವಿಡಿಯೊ ನೋಡಿ ಹೊಟ್ಟೆ ಉರಿದುಕೊಂಡವರೆಲ್ಲರ ಗಮನಕ್ಕೆ

ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಗೆ ಮೂರೇ ದಿನ ಉಳಿದಿತ್ತು. 2024ರ ಜುಲೈ 23ರಂದು ಬ್ರಿಟನ್ನಿನ ಕುದುರೆ ಸವಾರಿಯ ತಾರೆ ಶಾರ್ಲೆಟ್ ಡುಜಾರ್ಡಿನ್ ಕೂಟದಿಂದ ಹಿಂದೆ ಸರಿದರು. ಮೂರು ಚಿನ್ನವೂ ಸೇರಿ ಆರು ಒಲಿಂಪಿಕ್ ಪದಕ ಗೆದ್ದಾಕೆ ಅವರು. ಅವರನ್ನು ಕೂಟದಿಂದ ಹೊರಗಿಟ್ಟಿದ್ದು ಒಂದು ಹಳೆಯ ವಿಡಿಯೊ. ಚಾವಣಿಯಿರುವ ಅಭ್ಯಾಸದ ಅಂಕಣ, ಕುದುರೆಯ ಮೇಲೆ ಸವಾರಿ ಕಲಿಯುತ್ತಿರುವ ಶಿಷ್ಯೆ. ಡುಜಾರ್ಡಿನ್ ನೆಲದ ಮೇಲೆ ನಿಂತು ಉದ್ದನೆಯ ಚಾಟಿಯನ್ನು ಕುದುರೆಯ ಕಾಲುಗಳತ್ತ ಬೀಸುತ್ತಾರೆ. ಕುದುರೆ ಹಿಂಗಾಲು ಝಾಡಿಸುತ್ತದೆ. ಮತ್ತೆ ಬೀಸು, ಮತ್ತೆ ಝಾಡಿಸು. ಒಂದು ನಿಮಿಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಏಟು. ಕುದುರೆ ಕಾಲನ್ನು ಇನ್ನಷ್ಟು ಮೇಲೆತ್ತಿ ಹೆಜ್ಜೆ ಹಾಕಲಿ ಎಂಬುದಕ್ಕೆ ಈ ಪಾಠ.

ಜನರ ಸಿಟ್ಟಿಗೆ ತಡವಾಗಲಿಲ್ಲ. ಬ್ರಿಟನ್ನಿನ ಸರ್ಕಾರಿ ಕ್ರೀಡಾ ಸಂಸ್ಥೆ ಹಣಕಾಸಿನ ನೆರವು ನಿಲ್ಲಿಸಿತು. ದುಡಿಯುವ ಕುದುರೆ, ಕತ್ತೆಗಳ ಆರೈಕೆಗೆಂದು 1934ರಲ್ಲಿ ಕೈರೊದಲ್ಲಿ ಹುಟ್ಟಿದ, ಭಾರತದಲ್ಲೂ ಕೆಲಸ ಮಾಡುವ ಬ್ರೂಕ್ ಸಂಸ್ಥೆ ತನ್ನ ರಾಯಭಾರಿಯ ಸ್ಥಾನದಿಂದ ಅವರನ್ನು ಕೈಬಿಟ್ಟಿತು. ಡುಜಾರ್ಡಿನ್ ತಪ್ಪೊಪ್ಪಿಕೊಂಡು ನಾಚಿಕೆಯಾಗಿದೆ ಎಂದರು. ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಒಂದು ವರ್ಷದ ನಿಷೇಧದ ಜೊತೆಗೆ ಹತ್ತು ಸಾವಿರ ಸ್ವಿಸ್ ಫ್ರಾಂಕ್ ದಂಡವನ್ನೂ ಹಾಕಿತು.

ಈಗ ಇದೇ ಪ್ರಸಂಗವನ್ನು ನಮ್ಮ ದೇಶಕ್ಕೆ ತಂದು ನೋಡೋಣ. ಡುಜಾರ್ಡಿನ್ ಅವರೇ ಹೇಳಿದಂತೆ ಆ ವಿಡಿಯೊ ನಾಲ್ಕು ವರ್ಷ ಹಳೆಯದು. ನಮ್ಮ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಕೃತ್ಯ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಮುಗಿಯಿತು. ಇನ್ನು ಮೂರು ತಿಂಗಳೊಳಗೇ ಹೋದರೂ ಹೊಡೆಯುವುದು ಪೊಲೀಸರು ತಾವಾಗಿ ಕೈಹಾಕಬಹುದಾದ ಅಪರಾಧವಲ್ಲ. ಅಂಗಹೀನಗೊಳಿಸುವುದು, ಕ್ರೂರವಾಗಿ ಕೊಲ್ಲುವುದು, ಪ್ರಾಣಿಕಾಳಗ ನಡೆಸುವುದು ಮುಂತಾದ ಕೆಲವಕ್ಕೆ ಮಾತ್ರ ಆ ಅಧಿಕಾರವಿದೆ. ಮಿಕ್ಕಿದ್ದಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಎಲ್ಲ ದಾಟಿ ಆರೋಪ ಸಾಬೀತಾಯಿತೆನ್ನಿ. ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತಕ್ಕೆ ಹೆಚ್ಚಿಲ್ಲ. ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿಗೂ ಆ ದುಡ್ಡು ಸಾಲದು.

ಸಿಟ್ಟು ಬರುವುದು ನ್ಯಾಯವೇ, ಬರಲೇಬೇಕು. ಆದರೆ ಅದು ವಿಡಿಯೊದಲ್ಲಿ ಕಂಡ ಮನುಷ್ಯನ ಮೇಲೆ ಸುರಿದು ಮೂರನೇ ದಿನಕ್ಕೆ ಆರಿಹೋದರೆ ಯಾವ ಕುದುರೆಗೂ ಏಟು ತಪ್ಪುವುದಿಲ್ಲ. ಏಟು ತಪ್ಪಿರುವುದು ಜನ ನಿಯಮ ಬದಲಿಸಿ ಎಂದು ಹಟ ಹಿಡಿದ ಕಡೆಗಳಲ್ಲಿ. ಈ ಕರಪತ್ರ ಹೇಳಹೊರಟಿರುವುದು ಅದನ್ನೇ.

2021ರ ಆಗಸ್ಟ್ 6, ಟೋಕಿಯೊ ಒಲಿಂಪಿಕ್ಸ್. ಮಹಿಳೆಯರ ಮಾಡರ್ನ್ ಪೆಂಟಾಥ್ಲಾನ್, ಅಂದರೆ ಐದು ಆಟಗಳ ಸ್ಪರ್ಧೆ. ಈಜು, ಕತ್ತಿವರಸೆ ಮುಗಿದಾಗ ಜರ್ಮನಿಯ ಅನಿಕಾ ಶ್ಲೋಯ್ ಎಲ್ಲರಿಗಿಂತ ಮುಂದಿದ್ದರು. ಮುಂದಿನದು ಕುದುರೆಯ ಮೇಲೆ ಕೂತು ಅಡ್ಡಗಟ್ಟೆ ಹಾರಿಸುವ ಸುತ್ತು. ಈ ಆಟದಲ್ಲಿ ಸ್ವಂತ ಕುದುರೆ ಇರುವುದಿಲ್ಲ. ಆಯೋಜಕರ ಕುದುರೆಗಳಲ್ಲಿ ಚೀಟಿ ಎತ್ತಿದಾಗ ಬಂದದ್ದೇ ಪಾಲು, ಪರಿಚಯಕ್ಕೆ ಇಪ್ಪತ್ತು ನಿಮಿಷ. ಶ್ಲೋಯ್ ಪಾಲಿಗೆ ಬಂದದ್ದು ಸೇಂಟ್ ಬಾಯ್. ಅದೇ ದಿನ ಇನ್ನೊಬ್ಬ ಸ್ಪರ್ಧಿಯ ಕೆಳಗೆ ಹಾರಲು ಒಲ್ಲೆನೆಂದು ಪಟ್ಟು ಹಿಡಿದಿದ್ದ ಕುದುರೆ ಅದು. ಈಗಲೂ ಹೆಜ್ಜೆ ಕೀಳಲಿಲ್ಲ, ಹಿಂದಕ್ಕೆ ಸರಿಯಿತು, ಸುತ್ತು ಹೊಡೆಯಿತು. ಶ್ಲೋಯ್ ಬಿಕ್ಕಿ ಅಳುತ್ತ ಲಗಾಮು ಜಗ್ಗಿದರು, ಚಾಟಿ ಬೀಸಿದರು. ಬೇಲಿಯಾಚೆ ನಿಂತಿದ್ದ ತರಬೇತುದಾರೆ ಕಿಮ್ ರೈಸ್ನರ್ ಸರಿಯಾಗಿ ಬಾರಿಸು ಎಂದು ಕೂಗುತ್ತ ತಾನೂ ಬೇಲಿಯ ಮೇಲಿಂದ ಬಾಗಿ ಮುಷ್ಟಿಯಿಂದ ಕುದುರೆಯ ಹಿಂಭಾಗಕ್ಕೆ ಗುದ್ದಿದರು. ಕ್ಯಾಮೆರಾ ಅದನ್ನೂ ಹಿಡಿಯಿತು. ಮೊದಲ ಸ್ಥಾನದಲ್ಲಿದ್ದ ಶ್ಲೋಯ್ ಮೂವತ್ತೊಂದಕ್ಕೆ ಕುಸಿದರು. ರೈಸ್ನರ್ ಅನರ್ಹಗೊಂಡರು.

ಬೈಗುಳದ ಮಳೆಗೆ ಶ್ಲೋಯ್ ತಮ್ಮ ಇನ್‌ಸ್ಟಾಗ್ರಾಂ ಖಾತೆಯನ್ನೇ ಮುಚ್ಚಬೇಕಾಯಿತು. ಆದರೆ ಅಪರಿಚಿತ ಕುದುರೆಯೊಂದಿಗೆ ಇಪ್ಪತ್ತು ನಿಮಿಷದಲ್ಲಿ ಒಲಿಂಪಿಕ್ ಮಟ್ಟದ ಜಿಗಿತ ಬೇಕೆಂದ ನಿಯಮವನ್ನು ಬರೆದವರು ಆಕೆಯಲ್ಲ. ಅಲ್ಲಿ ಹೆದರಿದ ಜೀವಗಳು ಎರಡಿದ್ದವು, ಏಟು ತಿಂದದ್ದು ಒಂದು. ಬೈಗುಳ ತಣ್ಣಗಾದ ಮೇಲೂ ಒತ್ತಡ ಕಡಿಮೆಯಾಗಲಿಲ್ಲ ಎಂಬುದು ಈ ಪ್ರಕರಣದ ವಿಶೇಷ. ಅದೇ ವರ್ಷದ ನವೆಂಬರ್‌ನಲ್ಲಿ ಆ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಪ್ಯಾರಿಸ್ ನಂತರ ಸವಾರಿಯನ್ನೇ ಕೈಬಿಡುವುದಾಗಿ ಪ್ರಕಟಿಸಿತು. 1912ರಿಂದ ನಡೆದು ಬಂದಿದ್ದ ಪದ್ಧತಿ ಅದು. ಈಗ ಅದರ ಜಾಗದಲ್ಲಿ ಮನುಷ್ಯರೇ ಅಡೆತಡೆ ಏರಿ ಇಳಿಯುವ ಓಟ ಬಂದಿದೆ.

ವಿಡಿಯೊ ನೋಡಿದ ಗಳಿಗೆಯಲ್ಲೇ ತೀರ್ಪು ಕೊಡುವ ಚಟಕ್ಕೆ ಇನ್ನೊಂದು ಮುಖವೂ ಇದೆ. ಇಂಗ್ಲೆಂಡಿನಲ್ಲಿ 2021ರ ನವೆಂಬರ್‌ನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಗಿಡ್ಡ ತಳಿಯ ತಟ್ಟು ಕುದುರೆಯೊಂದಕ್ಕೆ ಒದ್ದು, ಕೈಯಿಂದ ಹೊಡೆದ ದೃಶ್ಯ ದೇಶವಿಡೀ ಹರಿದಾಡಿತು. ರಸ್ತೆಗೆ ಓಡಿದ ಪ್ರಾಣಿಗೆ ಶಿಸ್ತು ಕಲಿಸಿದೆ ಎಂಬುದು ಅವರ ವಾದ. ಕೆಲಸ ಹೋಯಿತು, ಕೊಲೆ ಬೆದರಿಕೆಗಳು ಬಂದವು. ಸುಮಾರು ಎರಡು ವರ್ಷದ ನಂತರ, 2023ರ ಆಗಸ್ಟ್‌ನಲ್ಲಿ ಲಿಂಕನ್ ನಗರದ ನ್ಯಾಯಾಲಯದ ಜ್ಯೂರಿ ಆಕೆ ನಿರಪರಾಧಿ ಎಂದಿತು. ಒದ್ದದ್ದು ಸರಿ ಎಂದು ಇದರ ಅರ್ಥವಲ್ಲ. ಆದರೆ ಊರಿನವರು ಒಂದೇ ಸಂಜೆಯಲ್ಲಿ ಕೊಟ್ಟ ಶಿಕ್ಷೆಯನ್ನು ನ್ಯಾಯಾಲಯ ಒಪ್ಪಲಿಲ್ಲ.

ನಮ್ಮಲ್ಲೂ ಹೀಗೇ ಆಯಿತು. 2016ರ ಮಾರ್ಚ್ 14ರಂದು ಡೆಹ್ರಾಡೂನ್‌ನಲ್ಲಿ ಬಿಜೆಪಿ ಪ್ರತಿಭಟನೆಯ ನಡುವೆ ಪೊಲೀಸ್ ಕುದುರೆ ಶಕ್ತಿಮಾನ್‌ನ ಹಿಂಗಾಲು ಮುರಿಯಿತು. ಲಾಠಿ ಎತ್ತಿ ನಿಂತ ಶಾಸಕ ಗಣೇಶ್ ಜೋಶಿಯವರ ದೃಶ್ಯ ಟಿ.ವಿ.ಗಳಲ್ಲಿ ದಿನವಿಡೀ ತಿರುಗಿತು. ತಾನು ಕುದುರೆಗೆ ಹೊಡೆದಿಲ್ಲ ಎಂದರು ಅವರು. ಬಂಧನವಾಯಿತು, ಜಾಮೀನು ಸಿಕ್ಕಿತು. ಕುದುರೆಯ ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರು. ಏಪ್ರಿಲ್ 20ರಂದು ಅದು ಸತ್ತಿತು. 2021ರಲ್ಲಿ ನ್ಯಾಯಾಲಯ ಜೋಶಿಯವರನ್ನು ಖುಲಾಸೆ ಮಾಡಿತು. ಅಷ್ಟು ಹೊತ್ತಿಗೆ ಅವರು ರಾಜ್ಯದ ಸಚಿವರು. ಐದು ವಾರ ದೇಶವೇ ಒಂದು ಕುದುರೆಗಾಗಿ ಮರುಗಿತ್ತು, ಸಂಸತ್ತಿನಲ್ಲಿ ಕೂತವರೂ ಮರುಗಿದರು. ಕಾಯ್ದೆಯಲ್ಲಿ ಹತ್ತು ರೂಪಾಯಿ ಹತ್ತಾಗಿಯೇ ಉಳಿಯಿತು.

ಏಟಿಲ್ಲದೆ ಪ್ರಾಣಿ ಮಾತು ಕೇಳುವುದಿಲ್ಲ ಎನ್ನುವವರು ಯಾವ ಊರಲ್ಲೂ ಇದ್ದಾರೆ. ಕುದುರೆಯೊಂದಿಗೆ ಬದುಕಿದವರು ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಸಿಟ್ಟಿನಲ್ಲಿದ್ದಾಗ ಕುದುರೆಯ ಹತ್ತಿರ ಹೋಗಬೇಡಿ ಎಂದು ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟ. ಕುದುರೆ ಕಲಿಯುವುದು ಒತ್ತಡ ಯಾವಾಗ ನಿಂತಿತು ಎಂಬುದರಿಂದ. ಲಗಾಮು ಎಳೆದಾಗ ನಿಂತರೆ, ಆ ಕ್ಷಣವೇ ಲಗಾಮು ಸಡಿಲಾಗಬೇಕು. ಆಗ ನಿಂತದ್ದು ಸರಿ ಎಂದು ಅದಕ್ಕೆ ತಿಳಿಯುತ್ತದೆ. ಇಪ್ಪತ್ತು ಏಟು ಒಂದೇ ಸಮ ಬಿದ್ದರೆ, ಯಾವ ಹೆಜ್ಜೆ ಇಟ್ಟಾಗ ಏಟು ನಿಲ್ಲುತ್ತದೆಂದು ಅದು ಹೇಗೆ ತಿಳಿಯಬೇಕು? ಹೆದರಿಕೆಯೊಂದೇ ಅದಕ್ಕೆ ಉಳಿಯುವ ಪಾಠ.

ಕುದುರೆ ಚರ್ಮ ದಪ್ಪ, ಅಷ್ಟೇನೂ ನೋಯುವುದಿಲ್ಲ ಎಂಬ ಮಾತೂ ಚಾಲ್ತಿಯಲ್ಲಿದೆ. ಆಸ್ಟ್ರೇಲಿಯದ ಸಂಶೋಧಕರು 2020ರಲ್ಲಿ ಮನುಷ್ಯರ ಮತ್ತು ಕುದುರೆಗಳ ಹಿಂಭಾಗದ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನೋವು ತಿಳಿಯುವ ಮೇಲ್ಪದರದಲ್ಲಿ ನರದ ತುದಿಗಳ ಸಾಂದ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಬ್ರಿಟನ್ನಿನ 126 ರೇಸ್‌ಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ, ಚಾಟಿ ಬಳಸಲು ಅವಕಾಶವಿದ್ದ ಓಟಗಳು ಅವಕಾಶವಿಲ್ಲದ ಓಟಗಳಿಗಿಂತ ವೇಗವಾಗಿಯೂ ಇರಲಿಲ್ಲ, ಸುರಕ್ಷಿತವಾಗಿಯೂ ಇರಲಿಲ್ಲ. ನಾರ್ವೆ ರೇಸಿನ ಚಾಟಿಯನ್ನು 1982ರಲ್ಲೇ ನಿಷೇಧಿಸಿತು. ಬ್ರಿಟನ್ನಿನಲ್ಲಿ 2023ರಿಂದ ಬಯಲು ಓಟದಲ್ಲಿ ಆರು, ಅಡ್ಡಗಟ್ಟೆ ಓಟದಲ್ಲಿ ಏಳು ಏಟಿನ ಮಿತಿ. ಮಿತಿಗಿಂತ ನಾಲ್ಕು ಹೆಚ್ಚಾದರೆ ಗೆದ್ದ ಕುದುರೆಯೂ ಅನರ್ಹ. ಅಲ್ಲಿ ಶಿಕ್ಷೆ ಮಾಲೀಕನ ಜೇಬಿಗೆ ತಟ್ಟುತ್ತದೆ, ಅದಕ್ಕೇ ಕೆಲಸ ಮಾಡುತ್ತದೆ.

ಕೇದಾರನಾಥಕ್ಕೆ ಬರೋಣ. ಕರ್ನಾಟಕದಿಂದ ಪ್ರತಿವರ್ಷ ಚಾರ್‌ಧಾಮ್ ಯಾತ್ರೆಗೆ ಹೋಗುವವರಿಗೆ ಗೌರಿಕುಂಡದಿಂದ ಮೇಲಿನ ಆ ದಾರಿ ಗೊತ್ತು. ಮಂಡಿನೋವಿನವರು, ವಯಸ್ಸಾದವರು ಕುದುರೆ ಅಥವಾ ಹೇಸರಗತ್ತೆ ಏರುತ್ತಾರೆ. 2023ರ ಜೂನ್‌ನಲ್ಲಿ ಅದೇ ದಾರಿಯ ವಿಡಿಯೊ ಒಂದು ಹರಿದಾಡಿತು. ಇಬ್ಬರು ಕುದುರೆಯ ಮೂತಿಯನ್ನು ಬಿಗಿಯಾಗಿ ಹಿಡಿದು, ಒಂದು ಹೊಳ್ಳೆ ಮುಚ್ಚಿ, ಇನ್ನೊಂದಕ್ಕೆ ಸೇದುವ ಚುಟ್ಟಾದಂಥದ್ದನ್ನು ಇಟ್ಟು ಬಲವಂತವಾಗಿ ಹೊಗೆ ಎಳೆಸುತ್ತಿದ್ದರು. ಉತ್ತರಾಖಂಡ ಪೊಲೀಸರು ಪ್ರಕರಣ ದಾಖಲಿಸಿದರು. ಸಿನಿಮಾ ನಟಿಯರಿಂದ ಹಿಡಿದು ಎಲ್ಲರೂ ಛೀಮಾರಿ ಹಾಕಿದರು. ಛೀಮಾರಿ ಹಾಕಿದವರಲ್ಲಿ ಎಷ್ಟೋ ಮಂದಿ ಅದೇ ದಾರಿಯಲ್ಲಿ ಸಂಜೆಯೊಳಗೆ ಇಳಿಯಬೇಕು, ಬೇಗ ಹೊಡಿ ಎಂದು ಕುದುರೆಯವನನ್ನು ಅವಸರಪಡಿಸಿದವರೇ ಇರಬಹುದು. ಅವನಿಗೂ ಒಂದು ದಿನಕ್ಕೆ ಇನ್ನೊಂದು ಸುತ್ತು ಸಿಕ್ಕರೆ ಮನೆ ನಡೆಯುತ್ತದೆ.

ನಿಯಮ ಇಲ್ಲವೆಂದಲ್ಲ. 1965ರಷ್ಟು ಹಿಂದೆಯೇ ಭಾರ ಎಳೆಯುವ, ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಟ್ಟುವಿನ ಬೆನ್ನಿಗೆ 70 ಕಿಲೊ, ಹೇಸರಗತ್ತೆಗೆ 200 ಕಿಲೊ ಹೇರಿನ ಮಿತಿ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಐದು ಗಂಟೆ ದಾಟುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಎಳೆಯುವಂತಿಲ್ಲ. ಮುಳ್ಳಿನ ಕಡಿವಾಣ ಪೂರ್ತಿ ನಿಷಿದ್ಧ. ಕಡಿವಾಣದ ಎರಡೂ ಬದಿಯಲ್ಲಿ ಕೆನ್ನೆಗೆ ತಾಗುವ ಬಿಲ್ಲೆಗಳ ಒಳಮೈಯಲ್ಲಿ ಮೊಳೆಯಂಥ ಚೂಪು ಇರುತ್ತದೆ. ಲಗಾಮು ಎಳೆದಾಗಲೆಲ್ಲ ಅದು ಬಾಯಿಯ ಮೂಲೆಗೆ ಚುಚ್ಚುತ್ತದೆ. ಇದನ್ನು ಕಂಡುಹಿಡಿಯಲು ಪಶುವೈದ್ಯರು ಬೇಕಿಲ್ಲ, ಗಾಡಿ ಹತ್ತುವ ಮುಂಚೆ ಕುದುರೆಯ ಮುಖದ ಬದಿಗೆ ಬಂದು ನಿಂತರೆ ಸಾಕು. ಬಾಯಿಯಂಚಿನಲ್ಲಿ ಹಸಿ ಗಾಯ, ಜೀನಿನ ಕೆಳಗೆ ಹುಣ್ಣು, ಸವೆದು ಹೋದ ಲಾಳ, ಇವೆಲ್ಲ ಯಾರ ಕಣ್ಣಿಗೂ ಬೀಳುವಂಥವು.

ಇನ್ನು ದಂಡದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ, ವೈದ್ಯನ ತಪ್ಪು ಚಿಕಿತ್ಸೆಯಿಂದ ಕುದುರೆಯ ರೋಗ ಉಲ್ಬಣಿಸಿದರೆ ಚಿಕಿತ್ಸೆಯ ಖರ್ಚಿನ ಎರಡು ಪಟ್ಟು ದಂಡ ಎಂದಿದೆ. ದಂಡ ಹಾನಿಗೆ ತಕ್ಕಂತೆ ಏರಬೇಕೆಂಬ ಅಷ್ಟು ಲೆಕ್ಕ ಕೌಟಿಲ್ಯನಿಗೆ ಗೊತ್ತಿತ್ತು. ನಮ್ಮ ಸರ್ಕಾರ 2022ರ ನವೆಂಬರ್‌ನಲ್ಲಿ 1960ರ ಕಾಯ್ದೆಗೆ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಆ ಕರಡಿನಲ್ಲಿ ದಂಡ ಸಾವಿರಗಳಿಗೆ ಏರಿತ್ತು.

ಎಲ್ಲ ಹೊರೆಯನ್ನೂ ಗಾಡಿಯವನ ಮೇಲೆ ಹೊರಿಸುವುದೂ ಸಲ್ಲ. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಮುಂಬೈನ ಕುದುರೆ ಸಾರೋಟುಗಳು ಕಾನೂನುಬಾಹಿರ ಎಂದು ತೀರ್ಪಿತ್ತು, ಒಂದು ವರ್ಷದೊಳಗೆ ನಿಲ್ಲಿಸಲು ಹೇಳಿತು. ಜೊತೆಗೇ ಅದನ್ನೇ ನಂಬಿದ ಕುಟುಂಬಗಳಿಗೆ ಬೇರೆ ದಾರಿ ಮಾಡಿಕೊಡಬೇಕೆಂದೂ ಸರ್ಕಾರಕ್ಕೆ ಸೂಚಿಸಿತು. 2021ರಲ್ಲಿ ವಿದ್ಯುತ್ ಚಾಲಿತ ಸಾರೋಟುಗಳು ರಸ್ತೆಗೆ ಬಂದವು. ತೀರ್ಪಿಗೂ ಬದಲಿ ಗಾಡಿಗೂ ನಡುವೆ ಐದಾರು ವರ್ಷ ಹೋಯಿತು. ಆ ಅಂತರದಲ್ಲಿ ಯಾರು ಹೇಗೆ ಬದುಕಿದರೆಂದು ತೀರ್ಪನ್ನು ಮೆಚ್ಚಿಕೊಂಡವರು ಕೇಳಿದ್ದು ಕಡಿಮೆ. ಮೈಸೂರಿನ ಅರಮನೆ ಸುತ್ತ ಇಂದಿಗೂ ಓಡುವ ಟಾಂಗಾಗಳ ವಿಷಯದಲ್ಲಿ ಆ ತಪ್ಪು ಆಗಬಾರದು. ಅಲ್ಲಿ ಮೊದಲು ಬೇಕಾಗಿರುವುದು ನಿಲ್ದಾಣದಲ್ಲಿ ನೀರಿನ ತೊಟ್ಟಿ, ನೆರಳು, ತಿಂಗಳಿಗೊಮ್ಮೆ ಪಶುವೈದ್ಯರ ತಪಾಸಣೆ, ಭಾರ ಮತ್ತು ಗಂಟೆಯ ಮಿತಿಯನ್ನು ಕನ್ನಡದಲ್ಲಿ ಬರೆದ ಫಲಕ. ಬೆಂಗಳೂರು, ಮೈಸೂರಿನ ರೇಸ್ ಮೈದಾನಗಳಲ್ಲಿ ದುಡ್ಡು ಕಟ್ಟುವವರು ಕೊನೆಯ ಇನ್ನೂರು ಮೀಟರಿನಲ್ಲಿ ಗಂಟಲು ಹರಿಯುವಂತೆ ಕೂಗುವ ಜೊತೆಗೆ, ಎಷ್ಟು ಏಟು ಬಿತ್ತೆಂದೂ ಎಣಿಸಿ ಕೇಳಲಿ. ಮದುವೆ ದಿಬ್ಬಣಕ್ಕೆ ಕುದುರೆ ಬೇಕೇ ಬೇಕು ಎನ್ನುವವರು ಡಿ.ಜೆ. ಸದ್ದನ್ನೂ ಪಟಾಕಿಯನ್ನೂ ಅದರ ಕಿವಿಯಿಂದ ದೂರ ಇಡಲಿ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ದಂಡ ಏರಲಿ, ಹೊಡೆಯುವುದೂ ಪೊಲೀಸರು ನೇರವಾಗಿ ದಾಖಲಿಸಬಹುದಾದ ಅಪರಾಧವಾಗಲಿ, ಮೂರು ತಿಂಗಳ ಗಡುವು ಹೋಗಲಿ ಎಂಬ ಮೂರು ಬೇಡಿಕೆ ಅದರಲ್ಲಿರಲಿ. ಕುದುರೆ ಏರಿದಾಗ ಬೇಗ ಎನ್ನಬೇಡಿ. ಗಾಯವಿರುವ ಪ್ರಾಣಿಯನ್ನು ಬಾಡಿಗೆಗೆ ಹಿಡಿಯಬೇಡಿ, ಯಾಕೆಂದು ಅದರ ಮಾಲೀಕನಿಗೆ ಹೇಳಿಯೇ ಮುಂದಿನ ಕುದುರೆಯತ್ತ ಹೋಗಿ. ಹೊಡೆಯುವುದು ಕಣ್ಣಿಗೆ ಬಿದ್ದು ವಿಡಿಯೊ ಮಾಡಿಕೊಂಡಿದ್ದರೆ, ಅದನ್ನು ನಾಲ್ಕು ಗುಂಪಿಗೆ ಹಂಚುವ ಮುಂಚೆ ದಿನಾಂಕ, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ. ಅಸಲು ಕಡತವನ್ನು ಅಳಿಸಬೇಡಿ. ಹತ್ತಿರದ ಠಾಣೆಗೆ ಲಿಖಿತ ದೂರು ಕೊಟ್ಟು ಎನ್‌ಸಿಆರ್ (ಪೊಲೀಸರು ತಾವಾಗಿ ಕೈಹಾಕಲಾಗದ ಅಪರಾಧದ ವರದಿ) ಮಾಡಿಸಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ಜಿಲ್ಲೆಯ ಪ್ರಾಣಿದಯಾ ಸಂಘಕ್ಕೂ ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೂ ಕಳಿಸಿ. ಕಾಯ್ದೆ ಬದಲಾಗುವವರೆಗೆ, ಕೃತ್ಯ ನಡೆದು ತೊಂಬತ್ತು ಚಿಲ್ಲರೆ ದಿನ ದಾಟಿದ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ನಡೆಯುವುದಿಲ್ಲ.